ಮನೆ ವೈಫೈಯಲ್ಲಿ ಬರುವ ಭಜನೆ ಬೆಂಗಳೂರಿಗೆ ಯಾಕೆ ಕೇಳಿಸಲ್ಲ?

ಓದುಗರ ಪ್ರಶ್ನೆ: ನಮ್ಮದು ಚಿಂತಾಮಣಿ ತಾಲ್ಲೂಕು, ಕೈವಾರದ ಹತ್ತಿರದ ಹಳ್ಳಿ. ನಮ್ಮ ಭಜನೆ ಮಂಡಳಿಯಲ್ಲಿ ಪ್ರತಿ ಶನಿವಾರ ರಾತ್ರಿ ಕೈವಾರ ತಾತಯ್ಯನವರ ತತ್ವಪದ ಹಾಡುತ್ತೇವೆ. ಊರು ಬಿಟ್ಟು ಹೋದವರೂ ಕೇಳಲಿ ಅಂತ ಹಳೇ ಕಂಪ್ಯೂಟರ್‌ಗೆ ಉಬುಂಟು ಆಪರೇಟಿಂಗ್ ಸಿಸ್ಟಂ ಹಾಕಿ, ಇಂಟರ್ನೆಟ್‌ನಲ್ಲಿ ಹಾಡು ಹಂಚುವ ಐಸ್‌ಕಾಸ್ಟ್ ಅನ್ನೋ ಸರ್ವರ್ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿದೆ. ಇನ್ನೊಂದು ಲ್ಯಾಪ್‌ಟಾಪ್‌ನಲ್ಲಿ ‘ಬಟ್’ ಅನ್ನೋ ಸಾಫ್ಟ್‌ವೇರ್‌ನಿಂದ ಹಾಡು ಕಳಿಸುತ್ತೇನೆ. ಹೊರಗಿನಿಂದ ಬಂದವರನ್ನು ಆ ಕಂಪ್ಯೂಟರ್‌ಗೆ ಕಳಿಸಲಿ ಅಂತ ರೂಟರ್‌ನಲ್ಲಿ 8000 ಪೋರ್ಟ್ ಫಾರ್ವರ್ಡ್ ಕೂಡ ಮಾಡಿದ್ದೇನೆ. ಮನೆ ವೈಫೈಯಲ್ಲಿ ಎಲ್ಲರ ಫೋನಿಗೂ ಚೆನ್ನಾಗಿ ಬರುತ್ತದೆ. ಬೆಂಗಳೂರಿನಲ್ಲಿರುವ ತಮ್ಮನಿಗೆ ಲಿಂಕ್ ಕೊಟ್ಟರೆ ತೆರೆಯುವುದೇ ಇಲ್ಲ. ನಮ್ಮದು 40 ಎಂಬಿಪಿಎಸ್ ಫೈಬರ್ ಲೈನ್. ಒಬ್ಬರು 60 ಸಾವಿರದ ಸರ್ವರ್ ತಗೊಳ್ಳಿ ಅಂತಾರೆ. ಇನ್ನೊಬ್ಬರು ಸ್ಪೀಡ್ ಜಾಸ್ತಿ ಮಾಡಿಸಿ ಅಂತಾರೆ. ಮತ್ತೊಬ್ಬರು ಲೈಸೆನ್ಸ್ ಇಲ್ಲದೆ ರೇಡಿಯೋ ನಡೆಸಿದರೆ ಕೇಸ್ ಆಗುತ್ತೆ ಅಂತ ಹೆದರಿಸುತ್ತಾರೆ. ಇದರ ಜೊತೆಗೆ ಅರ್ಧ ಗಂಟೆಗೊಮ್ಮೆ ಕಟ್ ಆಗುತ್ತದೆ. ಮತ್ತೆ ಕನೆಕ್ಟ್ ಮಾಡಿದರೆ ‘ಮೌಂಟ್‌ಪಾಯಿಂಟ್ ಇನ್ ಯೂಸ್’ ಅಂತ ಬರುತ್ತದೆ. ಯಾರೋ ಹೇಳಿದರು ಅಂತ ಸೋರ್ಸ್ ಟೈಮ್‌ಔಟ್ 300 ಮಾಡಿದ್ದೇನೆ, ಪ್ರಯೋಜನ ಆಗಿಲ್ಲ. ಇಯರ್‌ಫೋನ್ ಹಾಕಿದರೆ ಒಂದೇ ಕಿವಿಗೆ ಕೇಳಿಸುತ್ತೆ. ಗುರುಪೂರ್ಣಿಮೆ ಹೊತ್ತಿಗೆ ಸರಿ ಮಾಡಿಕೊಳ್ಳಬೇಕು. ದಾರಿ ಹೇಳಿ.

ಉತ್ತರ:

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕಂಪ್ಯೂಟರ್‌ನಲ್ಲಿ ದೋಷ ಇಲ್ಲ, ಐಸ್‌ಕಾಸ್ಟ್‌ನಲ್ಲೂ ಇಲ್ಲ. ಮನೆ ವೈಫೈಯಲ್ಲಿ ಹಾಡು ಬರುತ್ತಿದೆ ಅಂದರೆ ಸರ್ವರ್ ಕೆಲಸ ನೀವು ಸರಿಯಾಗಿಯೇ ಮಾಡಿದ್ದೀರಿ. ತೊಂದರೆ ಇರುವುದು ಮನೆಯ ಇಂಟರ್ನೆಟ್ ಲೈನಿನ ಸ್ವಭಾವದಲ್ಲಿ. ಆ ಲೈನಿನಿಂದ ನೀವು ಹೊರಗೆ ಹೋಗಬಹುದು. ಹೊರಗಿನವರು ಆ ಲೈನಿನಲ್ಲಿ ಒಳಗೆ ಬರಲು ಆಗುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಕಡೆ ಶಾಲೆ, ದೇವಸ್ಥಾನ, ಮಂಡಳಿಗಳಿಗೆ ಇಂಥ ಕೆಲಸ ಮಾಡಿಕೊಡುವಾಗ ನನಗೆ ಅತಿ ಹೆಚ್ಚು ಎದುರಾಗುವುದು ಇದೇ ಸಮಸ್ಯೆ. ಜನ ವಾರಗಟ್ಟಲೆ ರೂಟರ್ ಮುಂದೆ ಕೂತು ಪೋರ್ಟ್ ತೆರೆದು ಮುಚ್ಚಿ ಮಾಡುತ್ತಿರುತ್ತಾರೆ. ರೂಟರ್ ತನ್ನ ಕೆಲಸ ಮಾಡಿ ಸುಮ್ನೆ ಇರುತ್ತದೆ.

60 ಸಾವಿರದ ಸರ್ವರ್ ಮಾತು ಬಿಟ್ಟುಬಿಡಿ. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಅಂತಾರಲ್ಲ, ಅದು. ಐಸ್‌ಕಾಸ್ಟ್ ಹಾಡನ್ನು ಬಿಚ್ಚುವುದಿಲ್ಲ, ಕಟ್ಟುವುದೂ ಇಲ್ಲ. ಹಾಡನ್ನು ಎಂಪಿ3 ಮಾಡುವ ಭಾರವೆಲ್ಲ ನಿಮ್ಮ ಲ್ಯಾಪ್‌ಟಾಪ್‌ನ ಬಟ್ ಮೇಲೆ. ಅಲ್ಲಿಂದ ಬಂದ ಡೇಟಾವನ್ನು ಐಸ್‌ಕಾಸ್ಟ್ ಕೇಳುಗರಿಗೆ ಹಾಗೇ ನಕಲು ಮಾಡಿ ಹಂಚುತ್ತದೆ, ಅಷ್ಟೆ. ನೂರು ಜನಕ್ಕೆ ಹಂಚಲು ಹತ್ತು ವರ್ಷದ ಹಳೇ ಕಂಪ್ಯೂಟರ್ ಧಾರಾಳ ಸಾಕು.

ಸ್ಪೀಡ್ ವಿಷಯವೂ ಹಾಗೇ. ಲೆಕ್ಕ ಹಾಕೋಣ. 64 ಕೆಬಿಪಿಎಸ್ ಬಿಟ್‌ರೇಟ್‌ನಲ್ಲಿ, ಅಂದರೆ ಸೆಕೆಂಡಿಗೆ 64 ಕಿಲೋಬಿಟ್‌ನಂತೆ, ಹಾಡು ಬಿಟ್ಟರೆ ಒಬ್ಬ ಕೇಳುಗನಿಗೆ ಗಂಟೆಗೆ 28.8 ಎಂಬಿ ಹೋಗುತ್ತದೆ. ಅರವತ್ತು ಜನ ಒಟ್ಟಿಗೆ ಕೇಳಿದರೂ ಬೇಕಾಗುವುದು 3.84 ಎಂಬಿಪಿಎಸ್ ಅಪ್‌ಲೋಡ್. ಇಲ್ಲಿ ನೋಡಬೇಕಾದ್ದು ಡೌನ್‌ಲೋಡ್ ಅಲ್ಲ, ಅಪ್‌ಲೋಡ್. ಫೈಬರ್ ಲೈನಿನಲ್ಲಿ ಸಾಮಾನ್ಯವಾಗಿ ಎರಡೂ ಒಂದೇ ಇರುತ್ತದೆ. ಹಳೇ ಕೇಬಲ್ ಲೈನ್, ಮೊಬೈಲ್ ಹಾಟ್‌ಸ್ಪಾಟ್ ಆದರೆ ಅಪ್‌ಲೋಡ್ ಬಹಳ ಕಮ್ಮಿ. ನಿಮ್ಮದು ಫೈಬರ್, ಸಾಕಷ್ಟಿದೆ. ಹೆಚ್ಚಿನ ಪ್ಲಾನ್ ಹಾಕಿಸಿದರೆ ಬಿಲ್ ಜಾಸ್ತಿ ಆಗುತ್ತದೆ, ತಮ್ಮನಿಗೆ ಹಾಡು ಮಾತ್ರ ಕೇಳಿಸುವುದಿಲ್ಲ.

ಲಿಂಕ್ ಯಾಕೆ ತೆರೆಯುವುದಿಲ್ಲ

ಮೊದಲು ಒಂದು ಸಣ್ಣ ಪ್ರಶ್ನೆ. ತಮ್ಮನಿಗೆ ಕಳಿಸಿದ ಲಿಂಕ್ 192.168 ಅಂತ ಶುರುವಾಗುತ್ತಾ? ಹಾಗಿದ್ದರೆ ಅದು ನಿಮ್ಮ ಮನೆಯೊಳಗಿನ ವಿಳಾಸ. ಬೆಂಗಳೂರಿನಲ್ಲಿ ಅದನ್ನು ಒತ್ತಿದರೆ ಫೋನ್ ತಮ್ಮನ ಮನೆಯ ವೈಫೈಯಲ್ಲೇ ಹುಡುಕಿ ಸುಮ್ಮನಾಗುತ್ತದೆ. ನಗಬೇಡಿ, ಇದು ಇಂಜಿನಿಯರಿಂಗ್ ಓದಿದವರೂ ಮಾಡುವ ಕೆಲಸ.

ಅದಲ್ಲ, ಹೊರಗಿನ ವಿಳಾಸವನ್ನೇ ಕೊಟ್ಟಿದ್ದೆ ಅಂದರೆ ಮುಂದಿನ ಪರೀಕ್ಷೆ ಮಾಡಿ. ರೂಟರ್‌ನ ಸೆಟ್ಟಿಂಗ್ ಪುಟ ತೆಗೆದು ‘ವ್ಯಾನ್’ ಅಥವಾ ‘ಇಂಟರ್ನೆಟ್ ಸ್ಟೇಟಸ್’ ಅನ್ನುವ ಕಡೆ ಇರುವ ಐಪಿ ನಂಬರ್ ಬರೆದುಕೊಳ್ಳಿ. ಆಮೇಲೆ ಅದೇ ವೈಫೈಯಿಂದ ಗೂಗಲ್‌ನಲ್ಲಿ ‘ವಾಟ್ ಈಸ್ ಮೈ ಐಪಿ’ ಅಂತ ಹುಡುಕಿ, ಅಲ್ಲಿ ಬರುವ ನಂಬರ್ ಜೊತೆ ಹೋಲಿಸಿ. ಎರಡೂ ಒಂದೇ ಆದರೆ ನಿಮ್ಮದು ನಿಜವಾದ ಪಬ್ಲಿಕ್ ಐಪಿ, ಅಂದರೆ ಹೊರಗಿನವರು ನೇರವಾಗಿ ತಲುಪಬಹುದಾದ ವಿಳಾಸ. ಆಗ ಪೋರ್ಟ್ ಫಾರ್ವರ್ಡ್‌ನಲ್ಲೇ ಏನೋ ತಪ್ಪಿದೆ ಅಂತ ಹುಡುಕಬೇಕು. ಎರಡು ಬೇರೆ ಬೇರೆ ಆಗಿ, ರೂಟರ್‌ನಲ್ಲಿರುವ ನಂಬರ್ 100.64ರಿಂದ 100.127ರ ಒಳಗೆ ಶುರುವಾದರೆ ಕಥೆ ಮುಗಿಯಿತು. ಅದು ಸಿಜಿನ್ಯಾಟ್, ಅಂದರೆ ಇಂಟರ್ನೆಟ್ ಕಂಪನಿಯವರು ಒಂದೇ ಪಬ್ಲಿಕ್ ಐಪಿಯನ್ನು ಅನೇಕ ಮನೆಗೆ ಹಂಚುವ ಪದ್ಧತಿ. 10 ಅಂತ ಶುರುವಾದರೂ ಹೆಚ್ಚುಕಮ್ಮಿ ಅದೇ. ನನ್ನ ಅಂದಾಜು, ನಿಮ್ಮ ರೂಟರ್‌ನಲ್ಲಿ ಇಂಥದ್ದೇ ಒಂದು ನಂಬರ್ ಇರುತ್ತದೆ.

ಇದು ಯಾಕೆ ಬಂತು ಅಂದರೆ ವಿಳಾಸಗಳು ಸಾಲದೆ ಹೋದವು. ಹಳೇ ಐಪಿವಿ4 ಪದ್ಧತಿಯಲ್ಲಿ ಇರುವುದೇ ಸುಮಾರು 430 ಕೋಟಿ ನಂಬರ್. ನಮ್ಮ ಏಷ್ಯಾ ಪೆಸಿಫಿಕ್ ಭಾಗಕ್ಕೆ ಸಿಕ್ಕಿದ್ದ ಪಾಲು 2011ರಲ್ಲೇ ಬಹುತೇಕ ಮುಗಿಯಿತು. 2012ರಲ್ಲಿ ಈ 100.64ರ ಸಾಲನ್ನು ಇದೇ ಕೆಲಸಕ್ಕೆ ಅಂತ ಎತ್ತಿಟ್ಟರು. ಕಂಪನಿಯವರು ನೂರಾರು ಮನೆಗೆ ಒಂದೇ ಪಬ್ಲಿಕ್ ನಂಬರ್ ಹಂಚುತ್ತಾರೆ. ಹಳೇ ವಠಾರಕ್ಕೆ ಬೀದಿ ಕಡೆ ಒಂದೇ ಬಾಗಿಲು, ಒಂದೇ ಡೋರ್ ನಂಬರ್ ಇರುತ್ತಿತ್ತಲ್ಲ, ಹಾಗೆ. ಒಳಗಿನವರು ಯಾವಾಗ ಬೇಕಾದರೂ ಹೊರಗೆ ಹೋಗಿ ಬರಬಹುದು. ಹೊರಗಿನಿಂದ ಹೊಸಬರು ಬಂದು ಬಾಗಿಲು ತಟ್ಟಿದರೆ ಅವರು ಯಾರ ಮನೆಗೆ ಬಂದರು ಅಂತ ಗೊತ್ತಾಗುವುದಿಲ್ಲ, ವಾಪಸ್ ಕಳಿಸುತ್ತಾರೆ. ನೀವು ಪೋರ್ಟ್ ಫಾರ್ವರ್ಡ್ ಮಾಡಿದ್ದು ನಿಮ್ಮ ಮನೆ ಬಾಗಿಲಿನಲ್ಲಿ. ಬೀದಿ ಬಾಗಿಲು ಕಂಪನಿಯವರ ಕೈಯಲ್ಲಿದೆ.

ಒಂದು ಎಚ್ಚರಿಕೆ. ಹೊರಗಿನಿಂದ ಲಿಂಕ್ ತೆರೆಯುತ್ತಾ ಅಂತ ನೋಡುವಾಗ ಮನೆ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ನೋಡಿ. ಒಳಗಿಂದಲೇ ಹೊರಗಿನ ವಿಳಾಸ ಒತ್ತಿದರೆ ಕೆಲವು ರೂಟರ್ ಬಿಡುತ್ತವೆ, ಕೆಲವು ಬಿಡುವುದಿಲ್ಲ. ಅದನ್ನು ನಂಬಿ ತೀರ್ಮಾನ ಮಾಡಬೇಡಿ.

ಈಗ ಏನು ಮಾಡಬಹುದು

ಮೊದಲ ದಾರಿ, ಕಂಪನಿಯವರ ಹತ್ತಿರ ಸ್ಟ್ಯಾಟಿಕ್, ಅಂದರೆ ಬದಲಾಗದ, ಪಬ್ಲಿಕ್ ಐಪಿ ಕೇಳುವುದು. ಕೆಲವರು ಪ್ರತ್ಯೇಕ ಹಣ ತಗೊಂಡು ಕೊಡುತ್ತಾರೆ, ಕೆಲವರು ಮನೆ ಪ್ಲಾನ್‌ಗೆ ಕೊಡುವುದೇ ಇಲ್ಲ. ಸಿಕ್ಕರೆ ನಿಮ್ಮ ಈಗಿನ ಜೋಡಣೆ ಹಾಗೇ ಕೆಲಸ ಮಾಡುತ್ತದೆ. ಆದರೆ ನನಗೆ ಈ ದಾರಿ ಇಷ್ಟವಿಲ್ಲ. ನಿಮ್ಮ ಮನೆ ಕಂಪ್ಯೂಟರ್ ಇಡೀ ಲೋಕಕ್ಕೆ ಕಾಣುತ್ತದೆ. ಪೋರ್ಟ್ ತೆರೆದ ಸ್ವಲ್ಪ ಹೊತ್ತಿಗೇ ಎಲ್ಲೆಲ್ಲಿಂದಲೋ ಪಾಸ್‌ವರ್ಡ್ ಹಾಕಿ ನೋಡುವವರು ಶುರುವಾಗುತ್ತಾರೆ, ಲಾಗ್ ತೆರೆದರೆ ನಿಮಗೇ ಕಾಣುತ್ತದೆ. ಇನ್ನು ಕರೆಂಟ್ ಹೋದರೆ ಸರ್ವರ್ರೇ ಹೋಯಿತು. ಹಳ್ಳಿಯಲ್ಲಿ ರಾತ್ರಿ ಸತತ ಮೂರು ಗಂಟೆ ಹೊತ್ತು ಕರೆಂಟ್ ಹೋಗದೆ ಇರುತ್ತೆ ಅಂತ ನೀವೇ ಒಪ್ಪಲ್ಲ, ಅಲ್ವಾ?

ಎರಡನೇದು ಐಪಿವಿ6, ಅಂದರೆ ಹೊಸ ವಿಳಾಸ ಪದ್ಧತಿ. ಅದರಲ್ಲಿ ವಿಳಾಸಕ್ಕೆ ಬರ ಇಲ್ಲ, ಸಿಜಿನ್ಯಾಟ್ ಕಾಟವೂ ಇಲ್ಲ. ಕೇಳುವವರ ಲೈನಿನಲ್ಲೂ ಐಪಿವಿ6 ಇರಬೇಕು, ಅಲ್ಲಿದೆ ತೊಡಕು. ಮೊಬೈಲ್‌ನಲ್ಲಿ ಬಹಳ ಕಡೆ ಇದೆ. ಆಫೀಸ್, ಹಾಸ್ಟೆಲ್ ವೈಫೈಯಲ್ಲಿ ಅನೇಕ ಕಡೆ ಇಲ್ಲ. ಅರ್ಧ ಜನಕ್ಕೆ ಕೇಳಿಸಿ ಅರ್ಧ ಜನಕ್ಕೆ ಕೇಳಿಸದಿದ್ದರೆ ಫೋನ್ ಎತ್ತಿ ಎತ್ತಿ ನಿಮಗೆ ಸಾಕಾಗುತ್ತದೆ.

ಯೂಟ್ಯೂಬ್ ಲೈವ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಖರ್ಚಿಲ್ಲ, ಎಷ್ಟು ಸಾವಿರ ಜನ ಬಂದರೂ ತಡೆಯುತ್ತದೆ. ಚಾನಲ್‌ಗೆ ಲೈವ್ ಮೊದಲ ಸಲ ಆನ್ ಮಾಡಿದಾಗ 24 ಗಂಟೆ ಕಾಯಬೇಕಾಗುತ್ತದೆ, ಅದನ್ನು ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ಹಣ ಕಟ್ಟದ ಕೇಳುಗರಿಗೆ ಫೋನ್ ಸ್ಕ್ರೀನ್ ಆಫ್ ಆದರೆ ಹಾಡೂ ನಿಲ್ಲುತ್ತದೆ. ತಲೆದಿಂಬಿನ ಪಕ್ಕ ಫೋನ್ ಇಟ್ಟುಕೊಂಡು ತತ್ವಪದ ಕೇಳುತ್ತಾ ಮಲಗುವ ಅಜ್ಜಿಗೆ ಇದು ಆಗಿಬರುವುದಿಲ್ಲ. ಡೇಟಾ ಕೂಡ ಬರೀ ಆಡಿಯೋಗಿಂತ ಬಹಳ ಜಾಸ್ತಿ ತಿನ್ನುತ್ತದೆ. ಗುರುಪೂರ್ಣಿಮೆ ದಿನ ಬೇಕಾದರೆ ಇದನ್ನೂ ಜೊತೆಗೆ ನಡೆಸಿ.

ನಾನು ನಿಮಗೆ ಹೇಳುವುದು ಬಾಡಿಗೆ ಸರ್ವರ್, ಅಂದರೆ ವಿಪಿಎಸ್. ಬೆಂಗಳೂರು ಅಥವಾ ಮುಂಬೈ ಡೇಟಾ ಸೆಂಟರ್‌ನಲ್ಲಿ 1 ಜಿಬಿ ರ‍್ಯಾಮ್ ಇರುವ ಚಿಕ್ಕ ಸರ್ವರ್ ತಗೊಳ್ಳಿ. ತಿಂಗಳಿಗೆ ಸುಮಾರು ನಾನೂರು, ಐನೂರು ರೂಪಾಯಿಂದ ಸಿಗುತ್ತದೆ. ಅದಕ್ಕೆ ತನ್ನದೇ ಪಬ್ಲಿಕ್ ಐಪಿ ಇರುತ್ತದೆ. ಐಸ್‌ಕಾಸ್ಟ್ ಅಲ್ಲಿ ಹಾಕಿ. ಮನೆಯಲ್ಲಿ ಬಟ್ ಇರುವ ಲ್ಯಾಪ್‌ಟಾಪ್ ಮಾತ್ರ ಉಳಿಯಲಿ. ಲ್ಯಾಪ್‌ಟಾಪ್ ಹೊರಗೆ ಹೋಗಿ ಸರ್ವರ್ ಸೇರುತ್ತದೆ, ಅದಕ್ಕೆ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. ಕೇಳುವವರು ಸರ್ವರ್‌ಗೆ ಬರುತ್ತಾರೆ, ಅಲ್ಲಿ ತಡೆಯುವವರಿಲ್ಲ. ಇನ್ನೊಂದು ಲಾಭ ಏನಂದರೆ ಮನೆಯಿಂದ ಹೋಗುವುದು ಒಂದೇ ಒಂದು 64 ಕೆಬಿಪಿಎಸ್ ಪ್ರತಿ. ಕೇಳುಗರು ಐದಿರಲಿ ಐನೂರಿರಲಿ, ಮನೆ ಲೈನಿಗೆ ಅದೇ ಭಾರ. ಫೈಬರ್ ಕೈಕೊಟ್ಟ ದಿನ ಮೊಬೈಲ್ ಹಾಟ್‌ಸ್ಪಾಟ್‌ನಿಂದಲೂ ನಡೆಯುತ್ತದೆ.

ಬಾಡಿಗೆ ಸರ್ವರ್‌ನಲ್ಲಿ ನೋಡಿಕೊಳ್ಳಬೇಕಾದ್ದು ತಿಂಗಳ ಡೇಟಾ ಮಿತಿ. ಶನಿವಾರ ಮೂರು ಗಂಟೆ, ಅರವತ್ತು ಜನ ಅಂತಿಟ್ಟುಕೊಂಡರೆ ಒಂದು ರಾತ್ರಿಗೆ 5 ಜಿಬಿ ಚಿಲ್ಲರೆ, ತಿಂಗಳಿಗೆ 21 ಜಿಬಿ ಹತ್ತಿರ. 1 ಟಿಬಿ ಪ್ಲಾನ್‌ನಲ್ಲಿ ಅದು ಯಾವ ಲೆಕ್ಕ? ಆದರೆ ಅದೇ ಅರವತ್ತು ಜನ ಹಗಲು ರಾತ್ರಿ ಕೇಳುವ 24 ಗಂಟೆಯ ರೇಡಿಯೋ ಮಾಡಿದರೆ ತಿಂಗಳಿಗೆ 1.2 ಟಿಬಿ ದಾಟುತ್ತದೆ, ಕೆಲವು ಕಡೆ ಮಿತಿ ಮೀರಿದ್ದಕ್ಕೆ ಬಿಲ್ ಬರುತ್ತದೆ. ಆ ಆಸೆ ಇದ್ದರೆ ಮೊದಲೇ ಕೇಳಿಕೊಳ್ಳಿ.

ಸರ್ವರ್ ನೋಡಿಕೊಳ್ಳುವ ಉಸಾಬರಿಯೇ ಬೇಡ ಅಂದರೆ ರೆಡಿಮೇಡ್ ರೇಡಿಯೋ ಹೋಸ್ಟಿಂಗ್ ಸಿಗುತ್ತದೆ. ಹಣ ಕಟ್ಟಿದರೆ ಒಂದು ವಿಳಾಸ, ಒಂದು ಪಾಸ್‌ವರ್ಡ್ ಕೊಡುತ್ತಾರೆ. ಇಷ್ಟೇ ಕೇಳುಗರು ಅಂತ ಮಿತಿ ಇರುತ್ತದೆ, ಹಬ್ಬದ ದಿನ ಅದೇ ಅಡ್ಡ ಬರುತ್ತದೆ. ಉಬುಂಟು ಹಾಕಿ ಇಷ್ಟು ದೂರ ಬಂದಿರುವ ನಿಮಗೆ ಅದು ಬೇಕಿಲ್ಲ.

ಸರ್ವರ್‌ನಲ್ಲಿ ಮರೆಯಬಾರದ್ದು

ಐಸ್‌ಕಾಸ್ಟ್ ಜೊತೆ ಬರುವ ಮೂಲ ಪಾಸ್‌ವರ್ಡ್ ‘ಹ್ಯಾಕ್‌ಮಿ’. ಹೆಸರೇ ಕರೆದು ಹೇಳುತ್ತಿದೆ. ಸೋರ್ಸ್, ರಿಲೇ, ಅಡ್ಮಿನ್, ಈ ಮೂರಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಹಾಕಿ. ಹಾಕದಿದ್ದರೆ ಒಂದು ದಿನ ತತ್ವಪದದ ಜಾಗದಲ್ಲಿ ಯಾವುದೋ ದೇಶದ ಡಿಜೆ ಕುಣಿಯುತ್ತಿರುತ್ತಾನೆ.

ಕ್ಲೈಂಟ್ ಮಿತಿ ಮೂಲದಲ್ಲಿ 100 ಇರುತ್ತದೆ. ಗುರುಪೂರ್ಣಿಮೆ ದಿನ ನೂರಾ ಒಂದನೆಯವರಿಗೆ ಲಿಂಕ್ ತೆರೆಯುವುದಿಲ್ಲ, ನೀವು ಮನೆಯಲ್ಲಿ ಕೂತು ಸರ್ವರ್ ಕೆಟ್ಟಿದೆ ಅಂದುಕೊಳ್ಳುತ್ತೀರಿ. ಅದನ್ನು 300 ಮಾಡಿಡಿ.

ಫೈರ್‌ವಾಲ್ ಎರಡು ಕಡೆ ಇರುತ್ತದೆ. ಉಬುಂಟು ಒಳಗೊಂದು, ಬಾಡಿಗೆ ಕೊಟ್ಟವರ ವೆಬ್ ಪುಟದಲ್ಲಿ ಇನ್ನೊಂದು. ಒಂದನ್ನು ತೆರೆದು ಇನ್ನೊಂದನ್ನು ಮರೆಯುವುದು ಮಾಮೂಲು.

ಮಂಡಳಿಗೆ ವೆಬ್‌ಸೈಟ್ ಮಾಡಿ ಅದರಲ್ಲಿ ಪ್ಲೇ ಬಟನ್ ಇಡುವ ಯೋಚನೆ ಇದ್ದರೆ ಹಾಡಿನ ಲಿಂಕನ್ನು ಈಗಲೇ ಎಚ್‌ಟಿಟಿಪಿಎಸ್, ಅಂದರೆ ಸುರಕ್ಷಿತ ಲಿಂಕ್, ಮಾಡಿಕೊಳ್ಳಿ. ವೆಬ್‌ಸೈಟ್ ಎಚ್‌ಟಿಟಿಪಿಎಸ್ ಆಗಿದ್ದು ಹಾಡಿನ ಲಿಂಕ್ ಬರೀ ಎಚ್‌ಟಿಟಿಪಿ ಆಗಿದ್ದರೆ ಕ್ರೋಮ್ ಅದನ್ನು ಎಚ್‌ಟಿಟಿಪಿಎಸ್‌ಗೆ ಬದಲಿಸಿ ತೆರೆಯಲು ನೋಡುತ್ತದೆ, ಅಲ್ಲಿ ಏನೂ ಸಿಗದೆ ಬಿಟ್ಟುಬಿಡುತ್ತದೆ. ಬಟನ್ ಒತ್ತಿದರೆ ಸದ್ದೇ ಇಲ್ಲ. ಇದಕ್ಕೆ ಐಸ್‌ಕಾಸ್ಟ್ ಮುಂದೆ ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ಸಾಫ್ಟ್‌ವೇರ್ ಕೂರಿಸಿ, 443 ಪೋರ್ಟ್‌ನಿಂದ ಒಳಗಿನ 8000ಕ್ಕೆ ದಾಟಿಸಿ, ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟ್ ಹಾಕಿ. ಎಂಜಿನ್‌ಎಕ್ಸ್‌ನಲ್ಲಿ ಪ್ರಾಕ್ಸಿ ಬಫರಿಂಗ್, ಅಂದರೆ ಹಾಡನ್ನು ಕೂಡಿಟ್ಟುಕೊಂಡು ಕಳಿಸುವುದನ್ನು, ಆಫ್ ಮಾಡುವುದು ಮರೆಯಬೇಡಿ. ಆ ಸರ್ಟಿಫಿಕೇಟಿನ ಆಯಸ್ಸು ಕಮ್ಮಿ, ತಾನಾಗಿಯೇ ನವೀಕರಣ ಆಗುವ ಹಾಗೆ ಇಡಿ. ಇದರಿಂದ ಇನ್ನೊಂದು ಅನುಕೂಲ ಇದೆ. ಎಷ್ಟೋ ಆಫೀಸ್, ಕಾಲೇಜ್ ವೈಫೈಗಳು 8000 ಪೋರ್ಟ್ ಬಿಡುವುದಿಲ್ಲ, 443 ಎಲ್ಲ ಕಡೆ ಓಡುತ್ತದೆ. ಬಟ್ ಮಾತ್ರ ನೇರವಾಗಿ 8000ಕ್ಕೇ ಸೇರಲಿ.

ಅರ್ಧ ಗಂಟೆಗೊಮ್ಮೆ ಕಟ್ ಆಗುವುದು

ಇದು ಬೇರೆ ಕಾಯಿಲೆ. ಸರ್ವರ್ ಬದಲಿಸಿದರೂ ಇದು ನಿಮ್ಮ ಹಿಂದೆಯೇ ಬರುತ್ತದೆ, ಯಾಕಂದರೆ ತಪ್ಪು ಲ್ಯಾಪ್‌ಟಾಪ್ ಕಡೆ ಇದೆ.

ಪತ್ತೆ ಮಾಡುವ ಸುಲಭ ಉಪಾಯ ಬಟ್‌ನಲ್ಲೇ ಇದೆ. ಹಾಡು ಕಳಿಸುವಾಗಲೇ ರೆಕಾರ್ಡ್ ಬಟನ್ ಕೂಡ ಒತ್ತಿ. ಆಮೇಲೆ ಆ ಫೈಲ್ ಹಾಕಿ ಕೇಳಿ. ಕೇಳುಗರಿಗೆ ಕಟ್ ಆದ ಹೊತ್ತಿನಲ್ಲಿ ರೆಕಾರ್ಡಿಂಗ್ ನುಣುಪಾಗಿ ಹೋಗಿದ್ದರೆ ಮೈಕ್, ಕೇಬಲ್, ಸೌಂಡ್ ಕಾರ್ಡ್ ಎಲ್ಲ ಸರಿ ಇದೆ, ನೆಟ್‌ವರ್ಕ್ ಕಡೆ ಹುಡುಕಿ. ರೆಕಾರ್ಡಿಂಗ್‌ನಲ್ಲೇ ಚರ್ ಚರ್ ಅಂತ ಬಂದರೆ ಅಥವಾ ಮಧ್ಯೆ ಖಾಲಿ ಇದ್ದರೆ ಇಂಟರ್ನೆಟ್ ಬೈಯಬೇಡಿ. ಲ್ಯಾಪ್‌ಟಾಪ್ ನಿದ್ದೆಗೆ ಹೋಗುತ್ತಿದೆಯಾ, ಯುಎಸ್‌ಬಿ ಸಡಿಲ ಇದೆಯಾ ನೋಡಿ.

ನಿಮ್ಮ ವಿಷಯದಲ್ಲಿ ವೈಫೈ ಮೇಲೆ ನನಗೆ ಅನುಮಾನ. ಮಂಡಳಿ ಹಾಡುವುದು ಜಗಲಿಯಲ್ಲೋ ಗುಡಿಯಲ್ಲೋ, ರೂಟರ್ ಇರುವುದು ಒಳಕೋಣೆಯಲ್ಲೋ ಇರುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿ ಉಳಿಸಲು ವೈಫೈಯನ್ನು ಆಗಾಗ ಮಲಗಿಸುತ್ತದೆ. ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಆಫ್ ಮಾಡಿ, ವೈಫೈ ಪವರ್ ಸೇವಿಂಗ್ ಆಫ್ ಮಾಡಿ. ಅದಕ್ಕಿಂತ ಒಳ್ಳೆಯದು ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ ನೆಟ್‌ವರ್ಕ್ ಕೇಬಲ್ ಎಳೆದುಬಿಡಿ. ಇಪ್ಪತ್ತು ಮೀಟರ್ ಕೇಬಲ್ ಮಾಡುವ ಕೆಲಸವನ್ನು ಯಾವ ಸೆಟ್ಟಿಂಗೂ ಮಾಡುವುದಿಲ್ಲ.

ಈಗ ‘ಮೌಂಟ್‌ಪಾಯಿಂಟ್ ಇನ್ ಯೂಸ್’. ಮೌಂಟ್‌ಪಾಯಿಂಟ್ ಅಂದರೆ ಸರ್ವರ್‌ನಲ್ಲಿ ನಿಮ್ಮ ಹಾಡು ಬಂದು ಸೇರುವ ಜಾಗ. ಲೈನ್ ತಟ್ಟನೆ ಹೋದಾಗ ಲ್ಯಾಪ್‌ಟಾಪ್ ಸರ್ವರ್‌ಗೆ ಹೋಗಿ ಬರ್ತೀನಿ ಅಂತ ಹೇಳಿರುವುದಿಲ್ಲ. ಐಸ್‌ಕಾಸ್ಟ್ ಹಳೇ ಕನೆಕ್ಷನ್ ಇನ್ನೂ ಇದೆ ಅಂದುಕೊಂಡು ಕಾಯುತ್ತದೆ. ಎಷ್ಟು ಹೊತ್ತು? ಸೋರ್ಸ್ ಟೈಮ್‌ಔಟ್‌ನಲ್ಲಿ ಬರೆದಷ್ಟು ಹೊತ್ತು. ಅಷ್ಟರಲ್ಲಿ ಬಟ್ ಮತ್ತೆ ಬಂದರೆ, ಆ ಜಾಗದಲ್ಲಿ ಆಗಲೇ ಒಬ್ಬರಿದ್ದಾರೆ ಅಂತ ಹೇಳಿ ಕಳಿಸುತ್ತದೆ. ಮೂಲದಲ್ಲಿ ಇದು 10 ಸೆಕೆಂಡ್ ಇರುತ್ತದೆ. ನೀವು 300 ಮಾಡಿದ್ದರಿಂದ ಪ್ರತಿ ಸಲ ಐದು ನಿಮಿಷ ಬಾಗಿಲಲ್ಲೇ ನಿಲ್ಲುತ್ತಿದ್ದೀರಿ. ಈ ಸಲಹೆ ಎಲ್ಲಿ ಹುಟ್ಟಿತೋ ಗೊತ್ತಿಲ್ಲ, ಬಹಳ ಜನ ಪಾಲಿಸುತ್ತಾರೆ. ಮತ್ತೆ 10ಕ್ಕೆ ಇಳಿಸಿ. ಬಟ್ ತಾನಾಗಿಯೇ ಮತ್ತೆ ಕನೆಕ್ಟ್ ಆಗಲು ನೋಡುತ್ತಿರುತ್ತದೆ, ಹತ್ತು ಹದಿನೈದು ಸೆಕೆಂಡ್‌ನಲ್ಲಿ ಒಳಗೆ ಹೋಗುತ್ತದೆ.

ಆದರೆ ಆ ಹದಿನೈದು ಸೆಕೆಂಡ್‌ನಲ್ಲಿ ಕೇಳುಗರ ಫೋನ್‌ನಲ್ಲಿ ಹಾಡು ನಿಂತಿರುತ್ತದೆ. ಬಹಳಷ್ಟು ಬ್ರೌಸರ್ ತಾನಾಗಿ ಮತ್ತೆ ಶುರು ಮಾಡುವುದಿಲ್ಲ. ಅವರೇ ಇನ್ನೊಮ್ಮೆ ಒತ್ತಬೇಕು. ವಯಸ್ಸಾದವರು ಒತ್ತುವುದಿಲ್ಲ, ಮುಗಿಯಿತು ಅಂದುಕೊಂಡು ಮಲಗುತ್ತಾರೆ. ಇದಕ್ಕೆ ಔಷಧ ‘ಫಾಲ್‌ಬ್ಯಾಕ್ ಮೌಂಟ್’. ತಂಬೂರಿ ಶ್ರುತಿಯನ್ನೋ ನಿಮ್ಮದೇ ಮಂಡಳಿಯ ಹಳೇ ಹಾಡನ್ನೋ ಒಂದು ಎಂಪಿ3 ಫೈಲ್ ಮಾಡಿ ಐಸ್‌ಕಾಸ್ಟ್‌ನ ವೆಬ್ ಫೋಲ್ಡರ್‌ನಲ್ಲಿ ಇಡಿ. ನಿಮ್ಮ ಮೌಂಟ್‌ನ ಸೆಟ್ಟಿಂಗ್‌ನಲ್ಲಿ ಫಾಲ್‌ಬ್ಯಾಕ್ ಅಂತ ಆ ಫೈಲ್ ಹೆಸರು ಬರೆಯಿರಿ, ‘ಫಾಲ್‌ಬ್ಯಾಕ್ ಓವರ್‌ರೈಡ್’ 1 ಮಾಡಿ. ಲೈನ್ ಹೋಗಿ ಆ ಹತ್ತು ಸೆಕೆಂಡ್ ಮುಗಿದ ಕೂಡಲೇ ಕೇಳುಗರು ಶ್ರುತಿಗೆ ಹೋಗುತ್ತಾರೆ, ನೀವು ಬಂದ ಕೂಡಲೇ ಭಜನೆಗೆ ವಾಪಸ್ ಬರುತ್ತಾರೆ. ಒಂದೇ ಷರತ್ತು, ಫೈಲ್‌ನ ಫಾರ್ಮ್ಯಾಟ್, ಬಿಟ್‌ರೇಟ್, ಸ್ಯಾಂಪಲ್ ರೇಟ್, ಮೋನೋ ಅಥವಾ ಸ್ಟೀರಿಯೋ, ಎಲ್ಲವೂ ನಿಮ್ಮ ಲೈವ್ ಇದ್ದ ಹಾಗೇ ಇರಬೇಕು. ಸ್ಯಾಂಪಲ್ ರೇಟ್ ಲೈವ್‌ನಲ್ಲಿ 44,100 ಇದ್ದು ಫೈಲ್‌ನಲ್ಲಿ 48,000 ಇದ್ದರೆ ಕೆಲವು ಫೋನ್ ಅಲ್ಲೇ ಕೈಚೆಲ್ಲುತ್ತವೆ. ಇನ್ನು ಕೆಲವು ಹಾಡನ್ನು ಎಳೆದೋ ಓಡಿಸಿಯೋ ಬಿಡುತ್ತವೆ.

ಒಬ್ಬಿಬ್ಬರಿಗೆ ಮಾತ್ರ ಕಟ್ ಆಗಿ ಉಳಿದವರಿಗೆ ಸರಿ ಇದ್ದರೆ ತೊಂದರೆ ಅವರ ಕಡೆ. ಸರ್ವರ್‌ನ ಎರರ್ ಲಾಗ್‌ನಲ್ಲಿ ‘ಫಾಲನ್ ಟೂ ಫಾರ್ ಬಿಹೈಂಡ್’ ಅಂತ ಸಾಲು ಬಂದಿರುತ್ತದೆ. ಅವರ ಲೈನ್ ನಿಧಾನವಾಗಿ, ಸರ್ವರ್ ಕಾದು ಕಾದು ಬಿಟ್ಟುಬಿಟ್ಟಿದೆ ಅಂತ ಅರ್ಥ. ಬಿಟ್‌ರೇಟ್ 128 ಇಟ್ಟವರಿಗೆ ಇದು ಜಾಸ್ತಿ. ಅದಕ್ಕೇ 64 ಅಂದಿದ್ದು.

ಕರೆಂಟ್ ಹೋದಾಗ ರೂಟರ್ ಮತ್ತು ಫೈಬರ್ ಡಬ್ಬಿ ಆಫ್ ಆಗದ ಹಾಗೆ 12 ವೋಲ್ಟ್‌ನ ಚಿಕ್ಕ ಯುಪಿಎಸ್ ಸಿಗುತ್ತದೆ, ಒಂದು ಹಾಕಿಕೊಳ್ಳಿ.

ಒಂದೇ ಕಿವಿ, ಮತ್ತೆ ಮೈಕ್ ಸೆಟ್ ವಿಷಯ

ಒಂದೇ ಕಿವಿಗೆ ಕೇಳಿಸುವುದು ಸುಲಭದ ಕೆಲಸ. ಸೌಂಡ್ ಕಾರ್ಡ್‌ನ ಮೊದಲನೇ ಇನ್‌ಪುಟ್‌ಗೆ ಹಾಕಿದ್ದು ಎಡಕ್ಕೆ, ಎರಡನೇದು ಬಲಕ್ಕೆ ಹೋಗುತ್ತದೆ. ನೀವು ಒಂದೇ ವೈರ್ ಹಾಕಿ ಸ್ಟೀರಿಯೋ ಕಳಿಸುತ್ತಿದ್ದೀರಿ. ಬಟ್‌ನ ಆಡಿಯೋ ಸೆಟ್ಟಿಂಗ್‌ನಲ್ಲಿ ಚಾನಲ್ ಮೋನೋ ಮಾಡಿ. ಭಜನೆಗೆ ಸ್ಟೀರಿಯೋ ಬೇಕಿಲ್ಲ. 64 ಕೆಬಿಪಿಎಸ್ ಪೂರ್ತಿ ಒಂದೇ ಚಾನಲ್‌ಗೆ ಸಿಕ್ಕಿದರೆ ಹಾಡೂ ಚೆನ್ನಾಗಿರುತ್ತದೆ.

ಇಷ್ಟಾದ ಮೇಲೂ ಕಂಚಿನ ತಾಳ ನೀರಿನಲ್ಲಿ ಬಡಿದ ಹಾಗೆ ಕೇಳಿಸಬಹುದು. ಎಂಪಿ3ಗೆ ತಾಳ, ಗೆಜ್ಜೆ ಅಂದರೆ ಕಷ್ಟ. ಕಮ್ಮಿ ಬಿಟ್‌ರೇಟ್‌ನಲ್ಲಿ ಅದು ಮೊದಲು ಕೆಡಿಸುವುದು ಆ ಚುರುಕಾದ ಸದ್ದನ್ನೇ. ತಾಳ ಹಾಕುವವರನ್ನು ಮೈಕ್‌ನಿಂದ ಒಂದೆರಡು ಮಾರು ಹಿಂದೆ ಕೂರಿಸಿ. ಬಟ್‌ನ ಮೀಟರ್‌ನಲ್ಲಿ ಜೋರು ಹಾಡಿದಾಗಲೂ ಮೈನಸ್ 6 ಡಿಬಿ ದಾಟದ ಹಾಗೆ ಇಡಿ. ಆಮೇಲೂ ಕಿರಿಕಿರಿ ಅನ್ನಿಸಿದರೆ ಬಿಟ್‌ರೇಟ್ 96ಕ್ಕೆ ಏರಿಸಿ. ಓಪಸ್, ಎಎಸಿ ಅನ್ನುವ ಫಾರ್ಮ್ಯಾಟ್‌ಗಳು ಕಮ್ಮಿ ಬಿಟ್‌ರೇಟ್‌ನಲ್ಲಿ ಇನ್ನೂ ಚೆನ್ನಾಗಿವೆ, ನಿಜ. ಆದರೆ ನಿಮ್ಮ ಕೇಳುಗರ ಕೈಯಲ್ಲಿ ಎಂಥೆಂಥ ಹಳೇ ಫೋನ್ ಇರುತ್ತವೋ. ಎಂಪಿ3 ಎಲ್ಲದರಲ್ಲೂ ಓಡುತ್ತದೆ.

ನೀವು ಬರೆದಿಲ್ಲ, ಆದರೆ ಹಬ್ಬದ ದಿನ ಖಂಡಿತ ಮೈಕ್ ಸೆಟ್ ಬರುತ್ತದೆ, ಅದರಿಂದಲೇ ಲ್ಯಾಪ್‌ಟಾಪ್‌ಗೆ ವೈರ್ ಎಳೆಯೋಣ ಅಂತ ಯಾರಾದರೂ ಹೇಳುತ್ತಾರೆ. ಎಳೆಯಿರಿ, ಆದರೆ ಆಂಪ್ಲಿಫೈಯರ್ ಹಿಂದೆ ‘ಲೈನ್ ಔಟ್’ ಅಥವಾ ‘ರೆಕಾರ್ಡ್ ಔಟ್’ ಅಂತ ಬರೆದಿರುವ ಕಡೆಯಿಂದ ಮಾತ್ರ. ಕೊಂಬಿನ ಸ್ಪೀಕರ್‌ಗೆ ಹೋಗುವ ತಿರುಪುಗಳಲ್ಲಿ 70 ವೋಲ್ಟ್, 100 ವೋಲ್ಟ್ ಇರುತ್ತದೆ. ಅದನ್ನು ಲ್ಯಾಪ್‌ಟಾಪ್‌ಗೆ ಕೊಟ್ಟರೆ ಲ್ಯಾಪ್‌ಟಾಪ್ ಸುಟ್ಟುಹೋಗುತ್ತದೆ, ಕೈಗೂ ಶಾಕ್ ಹೊಡೆಯಬಹುದು. ಲೈನ್ ಔಟ್ ಸಿಕ್ಕಿದ ಮೇಲೂ ಲ್ಯಾಪ್‌ಟಾಪ್‌ನ ಮೈಕ್ ತೂತಿಗೆ ಚುಚ್ಚಬೇಡಿ, ಧ್ವನಿ ಒಡೆಯುತ್ತದೆ. ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತಗೊಳ್ಳಿ.

ಆಗ ‘ಗುಂಯ್’ ಅಂತ ಒಂದು ಸದ್ದು ಬಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಅರ್ಥಿಂಗ್ ಸುತ್ತು. ಮಧ್ಯೆ ಆಡಿಯೋ ಐಸೋಲೇಟರ್ ಹಾಕಿದರೆ ಹೋಗುತ್ತದೆ. ಪ್ಲಗ್‌ನ ಮೂರನೇ ಪಿನ್ ಮುರಿಯುವ ವಿದ್ಯೆ ನಮ್ಮ ಕಡೆ ಬಹಳ ಜನಕ್ಕೆ ಗೊತ್ತು. ಅದನ್ನು ಮಾಡಬೇಡಿ. ಮಳೆಗಾಲದಲ್ಲಿ, ಚಪ್ಪರದ ಕೆಳಗೆ, ಹಾಡುವವರ ಕೈಯಲ್ಲಿ ಕಬ್ಬಿಣದ ಮೈಕ್ ಇರುತ್ತದೆ.

ಲೈಸೆನ್ಸ್ ಮಾತು

ಇದರಲ್ಲಿ ಸತ್ಯ, ಸುಳ್ಳು ಎರಡೂ ಬೆರೆತಿವೆ. ಎಫ್‌ಎಂ ತರಂಗದಲ್ಲಿ ಬಿಡುವುದಕ್ಕೆ ಕೇಂದ್ರ ಸರ್ಕಾರದ ಅನುಮತಿ ಬೇಕೇ ಬೇಕು. ಆನ್‌ಲೈನ್‌ನಲ್ಲಿ ಸಿಗುವ ಚಿಕ್ಕ ಎಫ್‌ಎಂ ಟ್ರಾನ್ಸ್‌ಮಿಟರ್ ತಂದು ಗುಡಿ ಮೇಲೆ ಕಟ್ಟಿದರೆ ಅದು ಅಪರಾಧ. ಸಮುದಾಯ ರೇಡಿಯೋಗೂ ಅನುಮತಿ ಬೇಕು. 2002ರಲ್ಲಿ ಅದನ್ನು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ತೆರೆದಿದ್ದರು, ಸ್ವಯಂಸೇವಾ ಸಂಸ್ಥೆಗಳಿಗೆ ಅವಕಾಶ ಸಿಕ್ಕಿದ್ದು 2006ರಲ್ಲಿ. ಆ ಮಧ್ಯದ ಕಾಲದಲ್ಲೇ ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಸಮುದಾಯ ರೇಡಿಯೋದವರು ಗಾಳಿಯಲ್ಲಿ ಬಿಡಲು ಆಗದೆ, ಊರಿನ ಟಿವಿ ಕೇಬಲ್ ವೈರಿನಲ್ಲೇ ಕಾರ್ಯಕ್ರಮವನ್ನು ಮನೆಮನೆಗೆ ಕಳಿಸಿದರು.

ನೀವು ತರಂಗ ಬಳಸುತ್ತಿಲ್ಲ, ಇಂಟರ್ನೆಟ್‌ನಲ್ಲಿ ಬಿಡುತ್ತಿದ್ದೀರಿ. ಅದಕ್ಕೆ ಆ ರೇಡಿಯೋ ಲೈಸೆನ್ಸ್ ಬೇಕಿಲ್ಲ. ನಿಮಗೆ ತಾಗುವುದು ಕಾಪಿರೈಟ್. ತಾತಯ್ಯನವರ ಪದಗಳು ಹಳೆಯವು, ಅವುಗಳ ಮೇಲೆ ಈಗ ಯಾರ ಹಕ್ಕೂ ಇಲ್ಲ. ನಿಮ್ಮವರು ಹಾಡಿದ್ದನ್ನು ನೀವು ಬಿಡಬಹುದು, ಹಾಡುವವರ ಒಪ್ಪಿಗೆ ಇರಲಿ. ಆದರೆ ಅದೇ ಪದವನ್ನು ಬೇರೊಬ್ಬ ಗಾಯಕರು ಹಾಡಿದ ಕ್ಯಾಸೆಟ್, ಸಿಡಿ ಇರುತ್ತಲ್ಲ, ಆ ರೆಕಾರ್ಡಿಂಗ್ ಮೇಲೆ ಪ್ರಕಟವಾದ ನಂತರ 60 ವರ್ಷ ಹಕ್ಕು ಇರುತ್ತದೆ. ಹಾಡುವ ಮಧ್ಯೆ ಕಾಫಿಗೆ ಎದ್ದಾಗ ತುಂಬಲು ಸಿನಿಮಾ ಭಕ್ತಿಗೀತೆ ಹಾಕುವುದು, ಫಾಲ್‌ಬ್ಯಾಕ್‌ಗೆ ಕಂಪನಿಯ ಆಲ್ಬಂ ಇಡುವುದು, ಇವೆರಡೂ ಬೇಡ. ನಿಮ್ಮ ಮಂಡಳಿಯದ್ದೇ ಒಂದು ಗಂಟೆ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಕೆಲಸ ಶುರು ಮಾಡುವ ಕ್ರಮ ಹೀಗಿರಲಿ. ಇವತ್ತೇ ರೂಟರ್‌ನ ನಂಬರ್ ನೋಡಿ. 100ರ ಸಾಲಿನದ್ದಾದರೆ ಪೋರ್ಟ್ ಫಾರ್ವರ್ಡ್ ತೆಗೆದುಹಾಕಿ, ಅದು ಇದ್ದೂ ಪ್ರಯೋಜನ ಇಲ್ಲ. ಮೋನೋ, 64, ಟೈಮ್‌ಔಟ್ 10, ನೆಟ್‌ವರ್ಕ್ ಕೇಬಲ್, ಇಷ್ಟನ್ನು ಈಗಿನ ಮನೆ ಸರ್ವರ್ ಮೇಲೇ ಮಾಡಿ, ಈ ಶನಿವಾರ ಕಟ್ ಆಗದೆ ನಡೆಯುತ್ತಾ ನೋಡಿ. ಅದು ಸರಿಯಾದ ಮೇಲೆ ಬಾಡಿಗೆ ಸರ್ವರ್‌ಗೆ ಹೋಗಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೈಕೊಟ್ಟಿತು ಅಂತ ಗೊತ್ತಾಗುವುದಿಲ್ಲ. ತಮ್ಮನಿಗೆ ಹೇಳಿ, ಮೊಬೈಲ್ ಡೇಟಾದಲ್ಲಿ ಒಮ್ಮೆ, ಆಫೀಸ್ ವೈಫೈಯಲ್ಲಿ ಒಮ್ಮೆ ಕೇಳಲಿ. ಹಾಡು ಅವರಿಗೆ ಹತ್ತಿಪ್ಪತ್ತು ಸೆಕೆಂಡ್ ತಡವಾಗಿ ಕೇಳಿಸುತ್ತದೆ, ಅದು ದೋಷವಲ್ಲ. ಹೊಸ ಕೇಳುಗರು ಬಂದ ಕೂಡಲೇ ಐಸ್‌ಕಾಸ್ಟ್ 64 ಕೆಬಿಯಷ್ಟು ಹಳೇ ಹಾಡನ್ನು ಒಟ್ಟಿಗೆ ಕಳಿಸುತ್ತದೆ, ನಿಮ್ಮ ಬಿಟ್‌ರೇಟ್‌ಗೆ ಅದೇ ಎಂಟು ಸೆಕೆಂಡ್. ಉಳಿದದ್ದು ಪ್ಲೇಯರ್ ಸೇರಿಸುತ್ತದೆ.

ಇನ್ನೂ ಸರಿ ಹೋಗದಿದ್ದರೆ ಮತ್ತೆ ಬರೆಯಿರಿ. ಆದರೆ ಬರೀ ‘ಬರ್ತಿಲ್ಲ’ ಅಂತ ಬರೆಯಬೇಡಿ. ಕಟ್ ಆದ ಸಮಯ, ರೂಟರ್‌ನ ವ್ಯಾನ್ ನಂಬರ್‌ನ ಮೊದಲ ಎರಡು ಭಾಗ, ಐಸ್‌ಕಾಸ್ಟ್ ಎರರ್ ಲಾಗ್‌ನ ಕೊನೆಯ ಐವತ್ತು ಸಾಲು ಕಳಿಸಿ. ಸೆಟ್ಟಿಂಗ್ ಫೈಲ್ ಕಳಿಸುವುದಾದರೆ ಮೂರೂ ಪಾಸ್‌ವರ್ಡ್ ಅಳಿಸಿ ಕಳಿಸಿ.